ಕಮಾನಿನ ಕೆಳಗ ನಿಂತಾಂವ

"ಹಳ್ಳದಾಗ ಒಬ್ಬರೂ ಕಾಣವಲ್ಲರು, ಕಮಾನಿನ ಕೆಳಗ ಯಾರು ಕೆಮ್ಮಾಕತ್ತಾರ?"

ಬೆಳವಣಕಿ ಬಸ್ಸು ಹಳೆಯ ಕಲ್ಲುಸೇತುವೆಯ ಮೇಲೆ ನಿಂತಾಗ ನನ್ನ ಮುಂದಿನ ಸೀಟಿನ ಮಾನವ್ವ ಕಿಟಕಿಯಿಂದ ಕೆಳಗೆ ಬಗ್ಗಿ ನೋಡುತ್ತ ಕೇಳಿದಳು. ಪಕ್ಕದಲ್ಲಿ ಮಗ ಪರಶು, ಸೇತುವೆ ಕಟ್ಟುವ ಗೌಂಡಿ.

"ಕುರಿ ಕೆಮ್ಮಿರಬೇಕು ಬೇ. ಮುಂಬೈದಾಗ ಸಮುದ್ರದ ಬ್ರಿಜ್ ತಂತಿಗಿ ಜೋತಬಿದ್ದೈತಿ, ಕಲ್ಕತ್ತಾದ್ದು ಬರೇ ಕಬ್ಬಿಣ, ಇಲ್ಲಿ ಕಲ್ಲಿಗಿ ಕಲ್ಲ ಆಸರಾ. ಯಾವುದಕ್ಕೂ ಕೆಳಗ ನಿಂತು ಹೊರಾಕ ಮನಷ್ಯಾ ಬೇಕಾಗಿಲ್ಲ."

"ಈ ಕಮಾನು ಕಟ್ಟುಮುಂದ ಆಸರಾ ಕೊಟ್ಟಿದ್ದ ಕಟಗಿ ತಗದ ದಿನ ನಿಮ್ಮ ಮುತ್ಯಾ ಕೆಳಗ ನಿಂತಿದ್ದ."

"ಕಟ್ಟಿದಾಂವ ನಿಲ್ಲೂದು ನಮ್ಮ ಪದ್ಧತಿ. ಕಮಾನು ಬೀಳಲಿಲ್ಲಲ್ಲ?"

"ಬೀಳಲಿಲ್ಲ. ಅಂವನೂ ಹೊರಗ ಬರಲಿಲ್ಲ."

ಪರಶು ಚೀಲದಿಂದ ವಿಭೂತಿ ಗಟ್ಟಿ ತೆಗೆದು ತಾಯಿಯ ಮುಂದೆ ಹಿಡಿದ.

"ಇವತ್ತ ಹೊಸಾ ಬ್ರಿಜ್ಜಿನ ಕಟಗಿ ಬಿಚ್ಚತಾರ. ನಾನೂ ಕೆಳಗ ನಿಲ್ಲಬೇಕು. ವಿಭೂತಿ ಹಚ್ಚ ಬೇ."

ಕೆಳಗೆ ಮತ್ತೆ ಯಾರೋ ಕೆಮ್ಮಿದರು.

"ಹಚ್ಚಂಗಿಲ್ಲ," ಅಂದಳು.