ಎಡೆಗೆ ತಂದ ಎಂಜಿನ್

ಮಹಾಲಯ ಅಮಾವಾಸ್ಯೆಯ ಹಿಂದಿನ ದಿನ ಅರಸೀಕೆರೆ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಕೂತಿದ್ದ ದಂಪತಿಯ ಮಾತಿದು. ಗಂಡನ ತೊಡೆಯ ಮೇಲೆ ಮಾದರಿ ರೈಲಿನ ಮೊಳದುದ್ದದ ಎಂಜಿನ್ನಿನ ಪೆಟ್ಟಿಗೆಯಿತ್ತು.

“ಹಳಿ ಮೇಲಿಟ್ರೆ ಸಾಕು, ಓಡುತ್ತೆ ಕಣೇ. ನಾಳೆ ರಾಹುಲನ ಫೋಟೋ ಮುಂದೆ ಎಡೆಗಿಡೋಣ.”

“ರೆಡಿ ಎಂಜಿನ್ನಾ? ಬದುಕಿದ್ದಾಗ ಇಂಥದ್ದು ಕಂಡ್ರೆ ನಗ್ತಿದ್ದ ನಿಮ್ಮ ಮಗ. ಕೈ ಸುಟ್ಕೊಂಡು ಬೆಸುಗೆ ಹಾಕಿದ್ದೇ ಎಂಜಿನ್ ಅಂತಿದ್ದ.”

“ಅವನು ಜೋಡಿಸ್ತಿದ್ದದ್ದಕ್ಕೆ ಇನ್ನೂ ಚಕ್ರಾನೇ ಇಲ್ವಲ್ಲೇ.”

“ಚಕ್ರದ ಪೊಟ್ಟಣ ಹಂಗೇ ಇದೆ. ಅವನ ಎಂಜಿನ್ನೇ ಎಡೆಗಿಟ್ಟು, ಅದನ್ನೂ ಪಕ್ಕದಲ್ಲಿಡಿ.”

“ನಾನೇ ಹಾಕಿ ಮುಗಿಸ್ಲಾ?”

“ಬೇಡ ರೀ. ಮುಗಿದುಹೋದ್ರೆ ಮುಂದಿನ ವರ್ಷ ಅವನು ಯಾಕೆ ಬರ್ತಾನೆ?”

ಕಣಕಟ್ಟೆ ಬಸ್ ಬಂತು. ಆತ ಪೆಟ್ಟಿಗೆಯನ್ನು ಬೆಂಚಿನ ಮೇಲೇ ಬಿಟ್ಟು ಎದ್ದರು. ಆಕೆಯೇ ತಿರುಗಿ ಬಂದು, ಅದನ್ನೆತ್ತಿ ಸೆರಗು ಹೊದಿಸಿಕೊಂಡು ಬಸ್ ಹತ್ತಿದರು.