ಓಟ ಬಿಟ್ಟವನ ಮೊಣಕಾಲು

ಸುರಪುರದ ಬಸ್‌ಸ್ಟ್ಯಾಂಡಿನಲ್ಲಿ, ರಜೆಗೆ ಬಂದ ಇಬ್ಬರು ಸೈನಿಕರ ಮಾತು ಪಕ್ಕದಲ್ಲಿ ಕುಳಿತ ಹಂಪಮ್ಮನ ಕಿವಿಗೆ ಬೀಳುತ್ತಿತ್ತು.

“ನೀ ಮೊಣಕಾಲು ನೋವಂದಿ, ಸಾಹೇಬ್ರು ನಿನ್ನ ಓಟ ಬಿಡಿಸಿ ಈಜಾಕ ಹಚ್ಚಿದ್ರು,” ಎಂದ ಈಶಪ್ಪ. “ಈಜು ಇಬ್ರೂ ಕೂಡೇ ಕಾಲುವ್ಯಾಗ ಕಲತೀವಿ. ಈಗ ನೀ ನೀರಾಗ, ನಾ ಬಿಸಲಾಗ.”

“ಡಾಕ್ಟರ್ ಹೇಳ್ಯಾರೋ,” ಎಂದ ಹುಲಗಪ್ಪ.

“ದಿನಾ ಮುಂಜಾನಿ ಕಾಲು ಹ್ಯಾಂಗದ ಅಂತ ನಿನ್ನನ್ನೇ ಕೇಳ್ತಾರ. ನನ್ನ ಯಾರು ಕೇಳ್ತಾರ?”

“ನಿಂಗೇನಾಗ್ಯಾದ? ಈ ಮೊಣಕಾಲು ತೋರಿಸಿದ್ದಕ್ಕ ನನ್ನ ಪ್ರಮೋಷನ್ ನಿಂತದ. ಈ ಸಲ ನಿಂದೇ.”



ಹುಣಸಗಿ ಬಸ್ಸು ಬಂತು. ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯಲು ಹುಲಗಪ್ಪ ಎದ್ದ.

“ಕೂಡಪಾ, ನಿಂಗ ಓಡಬ್ಯಾಡಂದಾರ!” ಟವೆಲ್ ಕಸಿದುಕೊಂಡು ಈಶಪ್ಪ ಬಸ್ಸಿನತ್ತ ಓಡಿದ.

ಹಿಂದೆ ಹುಲಗಪ್ಪ ನೆಟ್ಟಗೆ ನಡೆದು ಹೋದ. ಹಂಪಮ್ಮ ನೋಡುತ್ತಿದ್ದಳು: ಕುಂಟುತ್ತಿದ್ದವನು ಈಶಪ್ಪ.