ಬಿದ್ದವರನ್ನು ಮನೆಗೆ ಕಳಿಸುವ ಕಾನೂನು

ರಾಯಚೂರು ಬಸ್ ನಿಲ್ದಾಣದಲ್ಲಿ ಮಾನ್ವಿ ಬಸ್ಸಿಗೆ ಕಾಯುತ್ತಿದ್ದ ಬಸವಲಿಂಗನ ಪಕ್ಕದಲ್ಲಿ ಇಬ್ಬರು ಕೂತಿದ್ದರು. ಒಬ್ಬಾಕೆ ಬುರ್ಖಾದ ಹಿರಿಯ ಹೆಂಗಸು. ಇನ್ನೊಬ್ಬಳು ಕಾನೂನು ಓದುವ ಹುಡುಗಿ. ಕೇಳಬಾರದೆಂದುಕೊಂಡರೂ ಅವನ ಕಿವಿ ಅತ್ತಲೇ ಹೋಯಿತು.

“ಏನ್ ಓದಾಕತ್ತೀಯವ್ವಾ ಉಮಾ?”

“ಗಗನಯಾತ್ರಿಗಳ ಕಾನೂನು, ಚಾಚಿ. ಪರೀಕ್ಷಾ ಅದ.”

“ಅವರಿಗೂ ಕಾನೂನು ಅದ ಏನು?”

“ಅದ. ಅವರು ಇಡೀ ಮನುಷ್ಯಕುಲದ ರಾಯಭಾರಿಗಳಂತ. ಇಳಿಯುವಾಗ ದಾರಿ ತಪ್ಪಿ ಯಾವ ದೇಶದಾಗ ಬಿದ್ರೂ, ಆ ದೇಶದೋರು ಕಾಪಾಡಿ ಲಗೂನ ವಾಪಸ್ ಕಳಸಬೇಕು.”

“ಪಾಸ್‌ಪೋರ್ಟ್ ಕೈಯಾಗ ಇಲ್ದಿದ್ರ?”

“ಇಲ್ದಿದ್ರೂ ಕಳಸಬೇಕು.”

ಹೆಂಗಸು ಪುಸ್ತಕದತ್ತ ಬಾಗಿ ನೋಡಿದಳು.

“ನನ್ನ ಮಗ ಮತೀನ್‌ನ ಪಾಸ್‌ಪೋರ್ಟ್ ಅಲ್ಲಿ ಗಲ್ಫಿನ್ಯಾಗ ಮಾಲೀಕ ಕಸಗೊಂಡು ಇಟ್ಟಾನ.”

“ಗೊತ್ತದ, ಚಾಚಿ.”

“ಈ ಗಗನಯಾತ್ರಿಗಳನ್ನ ಕಳಸ್ತೀವಿ ಅಂತ ಯಾರು ಮಾತು ಕೊಟ್ಟಾರ?”

“ಭಾಳ ದೇಶ ಕೂಡಿ ಸಹಿ ಹಾಕ್ಯಾವ.”

“ಮತೀನ್ ಹೊಂಟಾಗ, ಸುಖವಾಗಿ ತಿರುಗಿ ಬರಲಿ ಅಂತ ನಾನೊಬ್ಬಾಕೀನ ಅವನ ತೋಳಿಗೆ ಹರಕಿ ನಾಣ್ಯ ಕಟ್ಟಿದ್ದೆ.”

ಬಸ್ಸು ಬಂತು. ಹುಡುಗಿ ಪುಸ್ತಕ ಮುಚ್ಚಿ ಚಾಚಿಯ ಚೀಲ ಎತ್ತಿಕೊಂಡಳು. ಬಸವಲಿಂಗ ಸರಿದು ದಾರಿ ಬಿಟ್ಟ.

“ಆ ನಾಣ್ಯ ಇನ್ನೂ ಕಟ್ಟಿಕೊಂಡಾನೇನು, ಚಾಚಿ?”

“ಅದನ್ನ ಮನಿಗೆ ಬಂದ ಮ್ಯಾಲ ನಾನ ಬಿಚ್ಚಬೇಕಲ್ಲವ್ವಾ.”